ಎಣ್ಣೆ ತೆಗೆದ ಮೇಲಿನ ಹಿಂಡಿ: ಪಶು ಆಹಾರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಸದಸ್ಯ, ಬೀದರ್: ಮೇಡಂ, ನಮ್ಮ ಹೊಲದ ಸೋಯಾಬೀನನ್ನು ಮರದ ಗಾಣದಲ್ಲಿ ಆಡಿಸಿ, ಆ ಹಿಂಡಿಯನ್ನೇ ಕೋಳಿಮರಿಗಳಿಗೆ ಹಾಕುತ್ತಿದ್ದೇವೆ. ಚೆನ್ನಾಗಿ ತಿಂದರೂ ತೂಕ ಏರುತ್ತಿಲ್ಲ. ಕಾರಣವೇನು?

ತಜ್ಞೆ: ಆ ಹಿಂಡಿಯನ್ನು ಇಂದೇ ನಿಲ್ಲಿಸಿ. ಹಸಿ ಸೋಯಾದಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಪ್ರೋಟೀನುಗಳಿರುವುದರಿಂದ ಮರಿ ತಿಂದದ್ದು ಮೈಗೆ ಹತ್ತುವುದಿಲ್ಲ. ಅದನ್ನು ಸರಿದೂಗಿಸಲು ಹೆಚ್ಚು ದುಡಿಯುವ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಗಾಣದ ಬಿಸಿ ಇವನ್ನು ಅಡಗಿಸಲು ಸಾಲದು. ಕಾರ್ಖಾನೆಯಲ್ಲಿ ಹೆಕ್ಸೇನ್ ಎಂಬ ದ್ರಾವಕದಿಂದ ಎಣ್ಣೆ ತೆಗೆದ ಮೇಲೆ, ಆ ದ್ರಾವಕವನ್ನು ಹೊರಹಾಕಲು ಹಿಂಡಿಗೆ ಹಬೆ ಕೊಡುತ್ತಾರೆ. ಸುಮಾರು 100 ಡಿಗ್ರಿಯ ಆ ತೇವದ ಬಿಸಿಯಲ್ಲಿ ಅವು ಬಹುಮಟ್ಟಿಗೆ ಅಳಿಯುತ್ತವೆ. ಬಿಸಿ ಮಿತಿಮೀರಿದರೂ ನಷ್ಟವೇ: ಪ್ರೋಟೀನಿನ ಮುಖ್ಯ ಅಂಶವಾದ ಲೈಸಿನ್ ಸಕ್ಕರೆಯೊಡನೆ ಬೆಸೆದುಕೊಂಡು ಮರಿಗೆ ದಕ್ಕದೆ ಹೋಗುತ್ತದೆ, ಹಿಂಡಿ ಕಂದಾಗುತ್ತದೆ. 0.2 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಶೇಕಡಾ 70ರಿಂದ 85ರಷ್ಟು ಪ್ರೋಟೀನು ಕರಗಿದರೆ ಹದ ಸರಿಯಿದೆಯೆಂದು ಲೆಕ್ಕ. ಅದಕ್ಕಿಂತ ಹೆಚ್ಚು ಕರಗಿದರೆ ಹಸಿ, ಕಡಿಮೆಯಾದರೆ ಸೀದಿದೆ. ನಿಮ್ಮ ಹಿಂಡಿಯನ್ನು ಪರೀಕ್ಷೆಗೆ ಕಳುಹಿಸಿ.

ಸದಸ್ಯೆ, ಚಳ್ಳಕೆರೆ: ಬೂಸ್ಟು ಹಿಡಿದ ಶೇಂಗಾ ಹಿಂಡಿಗೆ ಅರಿಶಿನದ ನೀರು ಚಿಮುಕಿಸಿ ಒಣಗಿಸಿದರೆ ವಿಷ ಹೋಗುತ್ತದೆಂದು ಸಂದೇಶ ಬಂದಿದೆ.

ತಜ್ಞೆ: ಇಂಥ ಸಂದೇಶವನ್ನು ಇಲ್ಲಿ ಹಂಚಬೇಡಿ ಎಂದು ಹಿಂದೆಯೂ ಕೇಳಿಕೊಂಡಿದ್ದೇನೆ. ಬೂಸ್ಟು ಕಾಣದಿದ್ದರೂ ಅದು ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಉಳಿದಿರುತ್ತದೆ. ಎಣ್ಣೆ ಯಾವ ಬಗೆಯಲ್ಲಿ ತೆಗೆದರೂ ಅದರ ಬಹುಪಾಲು ಹಿಂಡಿಯಲ್ಲೇ ನಿಲ್ಲುತ್ತದೆ, ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಎಸೆಯಿರಿ.

ಸದಸ್ಯ, ತುಮಕೂರು: ಹೆಕ್ಸೇನ್ ಮುಟ್ಟಿದ ಹಿಂಡಿಯೇ ವಿಷ. ಗಾಣದ್ದಕ್ಕೆ ಸಾಟಿಯಿಲ್ಲ.

ಸದಸ್ಯ, ಗದಗ: ಬೀದರಿನವರ ಮರಿಗಳ ಸ್ಥಿತಿ ಓದಿಯೂ ಹೀಗೆ ಹೇಳುತ್ತೀರಾ? ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿದು ಬೇಗ ಕಮಟು ವಾಸನೆ ಬರುತ್ತದೆ.

ಸದಸ್ಯ, ತುಮಕೂರು: ನೀವು ಮಿಲ್ಲಿನವರ ಪರ ಮಾತಾಡುತ್ತಿದ್ದೀರಿ.

ಸದಸ್ಯ, ಗದಗ: ನಾನು ಹಸು ಸಾಕುವವನು. ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರಿನ ಬಿಸಿಗೆ ಸಿಕ್ಕಿದ ಪ್ರೋಟೀನು ಹೊಟ್ಟೆಯ ಮೊದಲ ಚೀಲದಲ್ಲಿ ಅಷ್ಟು ಬೇಗ ಒಡೆಯದೆ ಮುಂದೆ ಸಾಗುವುದರಿಂದ ಕರೆಯುವ ಹಸುವಿಗೆ ಲಾಭವಿದೆ. ತಿಳಿಯದೆ ಆರೋಪಿಸಬೇಡಿ.

ಸದಸ್ಯ, ಮಂಡ್ಯ: ಮೇಡಂ, ಗಾಣದ್ದು ಒಳ್ಳೆಯದೋ, ಮಿಲ್ಲಿನದೋ?

ತಜ್ಞೆ: ಮೇಲೆ ಬರೆದಿದ್ದೇನೆ, ಓದಿ. ಕಾಳು ಯಾವುದು, ತಿನ್ನುವ ಪ್ರಾಣಿ ಯಾವುದು ಎನ್ನದೆ ಉತ್ತರವಿಲ್ಲ.

ಸದಸ್ಯ, ಬೀದರ್: ಉಳಿದ ಸೋಯಾ ಹಿಂಡಿಯನ್ನು ಎಮ್ಮೆಗೆ ಹಾಕಬಹುದೇ?

ತಜ್ಞೆ: ಬೆಳೆದ ಎಮ್ಮೆಗೆ ಸ್ವಲ್ಪ ಹಾಕಬಹುದು, ಕರುವಿಗೆ ಬೇಡ. ಆದರೆ ಯೂರಿಯಾ ಬೆರೆಸಿದ ಮೇವಿನೊಂದಿಗೆ ಎಂದಿಗೂ ಹಾಕಬೇಡಿ. ಹಸಿ ಸೋಯಾದ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುತ್ತದೆ, ಅದು ಹೆಚ್ಚಾದರೆ ಎಮ್ಮೆಯ ಜೀವಕ್ಕೇ ಅಪಾಯ. ಈಗ ಮೇವಿಗೆ ಯೂರಿಯಾ ಹಾಕುತ್ತಿದ್ದೀರಾ? ಮೊದಲು ಅದನ್ನು ತಿಳಿಸಿ.