ಹನಿಗವನದಲ್ಲಿ ಗಾದೆಯನ್ನು ಎಷ್ಟು ತಿರುಚಬಹುದು?

ಪ್ರಶ್ನೆ: ‘ಕೈ ಕೆಸರಾದರೆ ಬಾಯಿ ಮೊಸರು’ ಇಟ್ಟುಕೊಂಡು ಹನಿಗವನ ಬರೆಯುತ್ತಿದ್ದೇನೆ. ಪದ ಬದಲಿಸಿದರೆ ಲಯ ಕೆಡುತ್ತದೆ, ಹಾಗೇ ಬಿಟ್ಟರೆ ಉಪದೇಶವಾಗುತ್ತದೆ. ಏನು ಮಾಡಲಿ?

ಉತ್ತರ 1: ಮೊದಲು ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು) ಎಣಿಸಿ. ಕೈಕೆಸ | ರಾದರೆ | ಬಾಯಿಮೊ | ಸರು: ನಾಲ್ಕು ಮಾತ್ರೆಯ ಮೂರು ಗಣ (ಗುಂಪು), ಕೊನೆಗೆ ಎರಡು ಮಾತ್ರೆ. ಒಟ್ಟು 14. ಮೊದಲರ್ಧ ಮುಟ್ಟಬೇಡಿ, ಓದುಗರು ಗಾದೆಯನ್ನು ಗುರುತಿಸುವುದೇ ಅಲ್ಲಿ. ‘ಮೊಸರು’ ಬದಲು ‘ಬೆಣ್ಣೆ’ ಹಾಕಿದರೂ ಮೂರೇ ಮಾತ್ರೆ, ಆದರೆ ಕೆಸರು–ಮೊಸರು ಪ್ರಾಸ ಹೋಗಿ ಸಾಲು ಸಪ್ಪೆಯಾಗುತ್ತದೆ. ‘ಕೈ ಕೆಸರಾದರೆ ಯಾರ ಹೆಸರು?’ ಎಂದರೆ ಮಾತ್ರೆ, ಪ್ರಾಸ ಎರಡೂ ಉಳಿಯುತ್ತವೆ, ಅರ್ಥ ಮಾತ್ರ ತಿರುಗುತ್ತದೆ.

ಉತ್ತರ 2: ಪದ ಬದಲಿಸಲೇಬೇಕೆಂದಿಲ್ಲ. ಗಾದೆಯನ್ನು ಇಡಿಯಾಗಿ ಮೊದಲ ಸಾಲಿಗೆ ತನ್ನಿ, ಕೊನೆಗಿಟ್ಟರೇ ಉಪದೇಶದ ವಾಸನೆ.

ಕೈ ಕೆಸರಾದರೆ ಬಾಯಿ ಮೊಸರು.
ಕೈ ನನ್ನದು,
ಬಾಯಿ ಧಣಿಯದು.

ನನಗೆ ಇದೇ ಹೆಚ್ಚು ಇಷ್ಟ, ಪೆಟ್ಟು ನೇರ.

ಉತ್ತರ 3: ನುಡಿಗಟ್ಟಾದರೆ ಸಮಾಸ ಬಿಡಿಸಿ ನೋಡಿ. ‘ಹೊಟ್ಟೆಕಿಚ್ಚು’ ಒಂದೇ ಪದವಾಗಿದ್ದರೆ ಬರೀ ಅಸೂಯೆ. ‘ಒಲೆಯಲ್ಲಿಲ್ಲದ ಕಿಚ್ಚು ಹೊಟ್ಟೆಯಲ್ಲಿದೆ’ ಎಂದರೆ ಹಸಿವೂ ಸೇರಿತು. ಒಂದು ಸೀಮೆಯಲ್ಲಷ್ಟೇ ಬಳಕೆಯಲ್ಲಿರುವ ಗಾದೆ ಬೇಡ. ಮೂಲ ಗೊತ್ತಿಲ್ಲದವರಿಗೆ ತಿರುವು ಕಾಣುವುದೇ ಇಲ್ಲ.