ಅಪ್‌ಡೇಟ್: ಟ್ರ್ಯಾಕ್ಟರ್ ಚಕ್ರ ಜಾರುವುದು ನಿಂತಿದೆ

ಪಾಂಡವಪುರ ಕಡೆಯ ನಮ್ಮ ಹೊಲದಲ್ಲಿ ನೇಗಿಲು ಇಳಿಸಿದರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ರೋಡಿಗೆ ಬಂದರೆ ಗಾಡಿ ಕುಣಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದಲು ಗಾಳಿ ಚೆಕ್ ಮಾಡಿಸಿದೆ. ಹಿಂದಿನ ಟೈರ್‌ಗಳಲ್ಲಿ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇತ್ತು. ಉಳುಮೆಗೆ 14ಕ್ಕೆ ಇಳಿಸಿದೆ. ಟೈರ್ ಅಗಲವಾಗಿ ಕೂತು, ಹಲ್ಲುಗಳು ಮಣ್ಣು ಕಚ್ಚತೊಡಗಿದವು. ಕುಣಿತವೂ ಇಷ್ಟಕ್ಕೇ ಎಷ್ಟೋ ಕಡಿಮೆ ಆಯ್ತು.

ಚಕ್ರಕ್ಕೆ ತೂಕ ಬಂದು ಮಣ್ಣು ಹಿಡಿಯಲಿ, ಟೈರಿಗೆ ನೀರು ತುಂಬಿಸಿ ಅಂತ ಜಾಸ್ತಿ ಜನ ಹೇಳಿದ್ದಿರಿ. ವಾಲ್ವ್ ಮೇಲಕ್ಕೆ ಬರುವ ಹಾಗೆ ಚಕ್ರ ನಿಲ್ಲಿಸಿ, ವಾಲ್ವ್ ಮಟ್ಟದವರೆಗೆ, ಅಂದರೆ ಸುಮಾರು 75 ಪರ್ಸೆಂಟ್ ತುಂಬಬೇಕು. ಖರ್ಚಿಲ್ಲದ ತೂಕ, ನಿಜ. ಆದರೆ ಒಳಗೆ ಗಾಳಿಯ ಜಾಗ ಕಡಿಮೆಯಾಗಿ ರೋಡಲ್ಲಿ ಕುಲುಕಾಟ ಹೆಚ್ಚುತ್ತದೆ. ನಾವು ಕಬ್ಬಿನ ಲೋಡೂ ಹೊಡೆಯುತ್ತೇವಲ್ವಾ, ಅದಕ್ಕೇ ಹಿಂದಿನ ಚಕ್ರಗಳಿಗೆ ಬಿಚ್ಚಿಡಬಹುದಾದ ಕಬ್ಬಿಣದ ವೇಟ್ ಹಾಕಿಸಿದೆ. ನೇಗಿಲು ಎತ್ತಿದಾಗ ಮೂತಿ ಮೇಲೇಳದ ಹಾಗೆ ಮುಂದಕ್ಕೂ ಸ್ವಲ್ಪ.

ತೂಕ ಸರಿಯಿದೆಯಾ ಅಂತ ನೋಡುವ ದಾರಿ ನನಗೆ ತುಂಬಾ ಹಿಡಿಸಿತು. ಟೈರಿಗೆ ಸುಣ್ಣದ ಗೆರೆ ಎಳೆದು, ನೇಗಿಲು ಎತ್ತಿಕೊಂಡು ಹೊಲದಲ್ಲಿ ಹಿಂದಿನ ಚಕ್ರ 10 ಸುತ್ತು ತಿರುಗುವಷ್ಟು ದೂರ ಹೋಗಿ, ಹೊರಟ ಜಾಗ, ನಿಂತ ಜಾಗ ಗುರುತು ಮಾಡಬೇಕು. ಅದೇ ದೂರವನ್ನು ನೇಗಿಲು ಇಳಿಸಿ ಹೋದರೆ ಚಕ್ರ 11ರಿಂದ 11.5 ಸುತ್ತು ತಿರುಗಬೇಕು. ಅದಕ್ಕಿಂತ ಜಾಸ್ತಿ ಬಂದರೆ ಚಕ್ರ ಜಾರುತ್ತಿದೆ. 10ರ ಹತ್ತಿರವೇ ನಿಂತರೆ ತೂಕ ಅತಿಯಾಗಿದೆ, ಡೀಸೆಲ್ ದಂಡ. ನಮ್ಮದು ಈಗ 11.5ಕ್ಕೆ ನಿಂತಿದೆ.

ಲೋಡ್ ಹೊಡೆಯುವ ಮುಂಚೆ ಗಾಳಿಯನ್ನು ಕಂಪನಿ ಪುಸ್ತಕದಲ್ಲಿ ಇರುವಷ್ಟಕ್ಕೆ ಏರಿಸಿಕೊಳ್ಳಿ. ಕೆಸರು ಗದ್ದೆಗೆ ವೇಟ್ ಬಿಚ್ಚಿಡಿ, ಗಾಡಿ ಹೂತುಕೊಳ್ಳುತ್ತದೆ. ಅಲ್ಲಿಗೆ ಕೇಜ್ ವೀಲೇ (ಪಂಜರದಂಥ ಕಬ್ಬಿಣದ ಚಕ್ರ) ಸರಿ.