ನೀರು ಹೊಯ್ದ ಮೇಲೆ ದನದ ಏದುಸಿರು ಇನ್ನೂ ಜಾಸ್ತಿಯಾಯ್ತು, ಎಲ್ಲಿ ತಪ್ಪಿದೆ?

ಹಟ್ಟಿಸುತ್ತು, ಕಾರ್ಕಳ

ನಮಸ್ಕಾರ. ಹೈನುಗಾರರಿಗೆ ಸಲಹೆ ಕೊಡುವ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಹವಾಮಾನ ಬದಲಾಗುತ್ತಿದೆ, ದನ ಸಾಕುವವರು ಏನು ಮಾಡಬೇಕು ಅಂತ ಮನೆಮನೆಗೆ ಹೋಗಿ ಹೇಳಬೇಕು.

ಕಳೆದ ವಾರ ಮಧ್ಯಾಹ್ನ ಎರಡು ಗಂಟೆಗೆ ಒಬ್ಬರು ಅಮ್ಮನ ಮನೆಗೆ ಹೋಗಿದ್ದೆ. ಎರಡು ಎಚ್‌ಎಫ್ ದನ, ಅಂದರೆ ಜಾಸ್ತಿ ಹಾಲು ಕೊಡುವ ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ. ಹಟ್ಟಿಗೆ ಮೂರು ಕಡೆ ಗೋಡೆ, ಮೇಲೆ ಶೀಟ್. ಒಂದು ದನ ಬಾಯಿ ತೆರೆದು ನಿಂತಿತ್ತು. ಜೊಲ್ಲು ಎಳೆಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಪಕ್ಕೆ ನೋಡಿ ಉಸಿರು ಎಣಿಸಿದೆ, ನಿಮಿಷಕ್ಕೆ 84. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಮೈಮೇಲೆ ನೀರು ಹೊಯ್ಯಲು ಹೇಳಿದೆ. ನಾನೂ ನಾಲ್ಕು ಬಕೆಟ್ ಹೊಯ್ದೆ. ಅರ್ಧ ಗಂಟೆ ಬಿಟ್ಟು ಎಣಿಸಿದರೆ 92!

ಅಮ್ಮ ಏನೂ ಅನ್ನಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದರು. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಲೀಟರ್ ಕೊಡುತ್ತಿದ್ದ ದನ ಏಳಕ್ಕೆ ಇಳಿದಿದೆ. ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇಕಡಾ 8.5 ಮುಟ್ಟುತ್ತಿಲ್ಲ, ಸೊಸೈಟಿಯಲ್ಲಿ ರೇಟೂ ಕಮ್ಮಿ ಸಿಗುತ್ತಿದೆ. ನಾನು ಮತ್ತೆ ಅಲ್ಲಿಗೆ ಹೋಗಿ ಏನು ಹೇಳಲಿ?

ಬ್ರಹ್ಮಾವರದವ

ಈ ಕೆಲಸದಲ್ಲಿ ನನಗೆ ಹದಿನೆಂಟು ವರ್ಷ. ನೀರು ಹೊಯ್ದದ್ದು ತಪ್ಪಲ್ಲ ಮಾರಾಯ್ರೆ, ಗಾಳಿ ಇಲ್ಲದೆ ಹೊಯ್ದದ್ದು ತಪ್ಪು. ನೀರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ನಮ್ಮ ಸೆಕೆಯಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯೇ ಆರುವುದಿಲ್ಲ, ಮೂರು ಗೋಡೆಯ ಒಳಗೆ ದನದ ಮೈ ಹೇಗೆ ಆರಬೇಕು? ಹಟ್ಟಿಯ ತೇವ ಇನ್ನೂ ಏರಿತು, ಅಷ್ಟೇ.

ಉಷ್ಣತೆ, ತೇವಾಂಶ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕ ಒಂದಿದೆ, ಟಿಎಚ್‌ಐ ಅಂತ. 72 ದಾಟಿದರೆ ಹಾಲಿನ ದನಕ್ಕೆ ಕಷ್ಟ ಶುರು. ಬಯಲುಸೀಮೆಯಲ್ಲಿ 38 ಡಿಗ್ರಿ ಇದ್ದು ತೇವಾಂಶ 20 ಶೇಕಡಾ ಇದ್ದರೆ ಅದು ಸುಮಾರು 82. ನಮ್ಮಲ್ಲಿ 34 ಡಿಗ್ರಿಯೇ ಇರಲಿ, ತೇವಾಂಶ 65 ಇದ್ದರೆ 86! ಬಿಸಿಲು ಕಮ್ಮಿ, ಸಂಕಟ ಜಾಸ್ತಿ. ರಾತ್ರಿಯೂ ಇಳಿಯುವುದಿಲ್ಲ, ದನಕ್ಕೆ ಸುಧಾರಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ತರಬೇತಿಯ ಪುಸ್ತಕಗಳಲ್ಲಿ ಇದು ಸರಿಯಾಗಿ ಬರಬೇಕು ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ.

ಮೊದಲು ಗೋಡೆಯ ಮೇಲಿನ ಮೂರು ಅಡಿ ತೆಗೆಸಿ. ಫ್ಯಾನ್ ಹಾಕಿಸಿ. ಬೆನ್ನು, ಭುಜ ಚರ್ಮದ ತನಕ ಒದ್ದೆಯಾಗುವಷ್ಟು ಒಂದು ನಿಮಿಷ ನೀರು, ಆಮೇಲೆ ಹತ್ತು ಹದಿನೈದು ನಿಮಿಷ ಬರೀ ಗಾಳಿ, ಮತ್ತೆ ನೀರು. ಕೆಚ್ಚಲಿಗೆ ನೀರು ಇಳಿಯುವಷ್ಟು ಹೊಯ್ಯಬೇಡಿ, ಕೆಚ್ಚಲು ಬಾವು ಬರಲು ದಾರಿ ಆಗುತ್ತದೆ. ಶೀಟ್ ಮೇಲೆ ತೆಂಗಿನ ಮಡಲೋ ಅಡಿಕೆ ಸೋಗೆಯೋ ದಪ್ಪಕ್ಕೆ ಹರಡಿದರೆ ಒಳಗಿನ ಕಾವು ಕೈಗೇ ಗೊತ್ತಾಗುವಷ್ಟು ಇಳಿಯುತ್ತದೆ.

ಗಿಡ್ಡ ಪ್ರೇಮಿ

ಎಚ್‌ಎಫ್ ಈ ಊರಿನದ್ದಲ್ಲ. ನಮ್ಮ ನಾಟಿ ತಳಿ ಮಲೆನಾಡು ಗಿಡ್ಡ ಸಾಕಿ. ಸೆಕೆ, ಮಳೆ, ಉಣುಗು ಎಲ್ಲ ತಡೆಯುತ್ತದೆ.

ಪೆರ್ಡೂರಿನ ಅಕ್ಕ

ಗಿಡ್ಡ ನಮ್ಮಲ್ಲೂ ಒಂದಿದೆ, ನನಗೆ ಪ್ರೀತಿ. ಆದರೆ ದಿನಕ್ಕೆ ಎರಡು ಲೀಟರಿನಲ್ಲಿ ಸಾಲದ ಕಂತು ಕಟ್ಟಲು ಆಗುವುದಿಲ್ಲ ಅಲ್ವಾ. ಇರುವ ದನವನ್ನು ಉಳಿಸುವ ಮಾತಾಡುವ.

ತಂಗೀ, ನಾನು ನಾಲ್ಕು ದನ ಕಟ್ಟಿದವಳು. ಬೇಸಿಗೆಯಲ್ಲಿ ಹಿಂಡಿ ಬೆಳಿಗ್ಗೆ ಐದಕ್ಕೆ, ರಾತ್ರಿ ಎಂಟರ ನಂತರ. ಮಧ್ಯಾಹ್ನ ಹಾಕಿದರೆ ಮೂಸಿ ಬಿಡುತ್ತವೆ. ತೊಟ್ಟಿಯಲ್ಲಿ ರಾತ್ರಿಯೂ ನೀರು ಇರಬೇಕು, ಒಂದೊಂದು ದನ ಎಂಬತ್ತು ಲೀಟರ್ ಕುಡಿಯುತ್ತದೆ.

ಬರೀ ಸೆಕೆ ಒಂದೇ ಅಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ನಮ್ಮಲ್ಲೂ ಮೇ ಕೊನೆಗೇ ಹಿಡಿದ ಮಳೆ. ಘಟ್ಟದ ಮೇಲಿಂದ ತರಿಸಿದ ಬೈಹುಲ್ಲು ಇನ್ನೂ ಅಂಗಳದಲ್ಲಿತ್ತು. ಅಡಿಯ ಕಟ್ಟು ಬಿಚ್ಚಿದರೆ ಕಪ್ಪು ಬೂಸ್ಟು, ಮುಗ್ಗುಲು ವಾಸನೆ. ಅರ್ಧ ಲೋಡನ್ನು ತೋಟಕ್ಕೆ ಹಾಕಿದೆ. ಈಗ ಏಪ್ರಿಲ್ ಮುಗಿಯುವುದರೊಳಗೆ ಹುಲ್ಲು ಅಟ್ಟಕ್ಕೆ ಏರಿರುತ್ತದೆ.

ಇನ್ನೊಂದು ಮಾತು. ಹವಾಮಾನ ಅಂತ ಶುರು ಮಾಡಬೇಡಿ. "ದನ ಗಬ್ಬ ನಿಂತಿತಾ ಅಮ್ಮ?" ಅಂತ ಕೇಳಿ. ಸೆಕೆಗೆ ಬೆದೆ ಸರಿಯಾಗಿ ತೋರುವುದಿಲ್ಲ, ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ನಿಲ್ಲುವುದಿಲ್ಲ. ಅಲ್ಲಿಂದ ಮಾತು ತಾನಾಗಿ ಬರುತ್ತದೆ. ಮಧ್ಯಾಹ್ನ ಎರಡಕ್ಕೆ ಹೋದಿರಲ್ಲ, ಅದು ಒಳ್ಳೇದು. ಹೆಚ್ಚಿನವರು ಬೆಳಿಗ್ಗೆ ಹತ್ತಕ್ಕೆ ಬಂದು ನೋಡಿ ಹೋಗುತ್ತಾರೆ.

ಹಟ್ಟಿಸುತ್ತು, ಕಾರ್ಕಳ

ಇವತ್ತು ಹೋಗಿ ಬಂದೆ. ಮೊದಲು ಅಮ್ಮನ ಹತ್ತಿರ ತಪ್ಪು ಒಪ್ಪಿಕೊಂಡೆ. ಗಬ್ಬದ ವಿಷಯ ಕೇಳಿದ್ದಕ್ಕೆ ಕೂರಿಸಿ ಒಂದು ಗಂಟೆ ಮಾತಾಡಿದರು, ಮೂರು ಸಲ ಇಂಜೆಕ್ಷನ್ ಆಗಿದೆಯಂತೆ. ಗೋಡೆ ಒಡೆಯಲು ಅವರ ಮಗ ಭಾನುವಾರ ಬರುತ್ತಾನೆ. ಸದ್ಯ ಮನೆಯ ಟೇಬಲ್ ಫ್ಯಾನ್ ತಂದು ಕಲ್ಲಿನ ಮೇಲೆ ಇಟ್ಟು, ನೀರು ಹೊಯ್ದು ನೋಡಿದೆವು. 88 ಇದ್ದದ್ದು 66ಕ್ಕೆ ಇಳಿಯಿತು. ದನ ಬಾಯಿ ಮುಚ್ಚಿತು. ಅಷ್ಟರಲ್ಲಿ ಕರೆಂಟ್ ಹೋಯ್ತು.

ಹಟ್ಟಿಯ ಫ್ಯಾನಿಗೆ ಇನ್ವರ್ಟರ್ ಹಾಕಿಸಿದವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಬರುತ್ತದೆ?